ಗಾಡಿ ನಿಮ್ಮ ಹೆಸರಲ್ಲಿದೆ, ಕೀ ಮಗನ ಜೇಬಿನಲ್ಲಿದೆ

ಪ್ರಶ್ನೆ: ನಾವು ಹಾಸನದವರು. ಮಗ ಫಸ್ಟ್ ಪಿಯುಸಿ ಸೈನ್ಸ್. ಹದಿನಾರು ತುಂಬಿ ಏಳು ತಿಂಗಳಾಯಿತು. ಬೆಳಗ್ಗೆ ಆರಕ್ಕೆ ಟ್ಯೂಷನ್, ಮನೆಯಿಂದ ನಾಲ್ಕು ಕಿಲೋಮೀಟರ್. ಅಷ್ಟು ಬೇಗ ನಮ್ಮ ಬಡಾವಣೆಗೆ ಬಸ್ ಬರುವುದಿಲ್ಲ. ಜೂನ್‌ನಿಂದ ಯಜಮಾನರು ನನ್ನ ಆಕ್ಟಿವಾ ಕೊಟ್ಟು ಕಳಿಸುತ್ತಿದ್ದಾರೆ. ಮದುವೆಯಾಗಿ ಹದಿನೈದು ವರ್ಷವಾದಾಗ ಅವರೇ ನನ್ನ ಹೆಸರಲ್ಲಿ ತೆಗೆದುಕೊಟ್ಟ ಗಾಡಿ ಅದು. ಈಗ ನಾನು ಮಾರ್ಕೆಟ್ಟಿಗೆ ಹೋಗಬೇಕಾದರೂ ಮಗನನ್ನು ಕೇಳಬೇಕು. ಬೇಡ ಅಂದರೆ, "ನಾನು ಹದಿಮೂರಕ್ಕೇ ಅಪ್ಪನ ಲೂನಾ ಓಡಿಸಿದವನು" ಅನ್ನುತ್ತಾರೆ. ನ್ಯೂಜೆರ್ಸಿಯಲ್ಲಿರುವ ನನ್ನ ಮೈದುನನ ಮಗಳು ಹದಿನೇಳಕ್ಕೇ ಕಾರು ಓಡಿಸುತ್ತಾಳೆ, ಅದನ್ನೂ ಹೇಳುತ್ತಾರೆ. ಹೋದ ತಿಂಗಳು ನೋಡಿದರೆ ಗಾಡಿಯ ಎಡಗಡೆ ಕನ್ನಡಿ ಹೊಸದು. ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ಗೊತ್ತಾಯಿತು, ಬಿ.ಎಂ. (ಬೆಂಗಳೂರು-ಮಂಗಳೂರು) ರಸ್ತೆಯಲ್ಲಿ ಎಲ್ಲೋ ತಾಗಿಸಿದ್ದಾನೆ, ನಮ್ಮ ಅತ್ತೆ ಪೆನ್ಷನ್ ದುಡ್ಡಲ್ಲಿ ಕನ್ನಡಿ ಹಾಕಿಸಿಕೊಟ್ಟಿದ್ದಾರೆ. ಸದ್ಯ, ಅವನಿಗೇನೂ ಆಗಲಿಲ್ಲ. ಅವನು ವಾಪಸ್ ಬರುವ ತನಕ ಒಲೆ ಮುಂದೆ ನಿಂತರೂ ನನ್ನ ಕಿವಿ ಗೇಟಿನ ಕಡೆಗೇ. ಮನೆಯಲ್ಲಿ ಎಲ್ಲರೂ ನನ್ನನ್ನು ಪುಕ್ಕಲಿ ಅನ್ನುತ್ತಾರೆ. ಹದಿನೆಂಟು ತುಂಬಿದ ದಿನ ಇದ್ದಕ್ಕಿದ್ದಂತೆ ಬುದ್ಧಿ ಬಂದುಬಿಡುತ್ತದಾ? ನಾನು ಸುಮ್ನೆ ಹೆದರುತ್ತಿದ್ದೇನಾ?
— ಹೆಸರು ಬೇಡ, ಹಾಸನ

ಉತ್ತರ: ಇಲ್ಲ, ಬರುವುದಿಲ್ಲ. ಹದಿನೆಂಟರ ಬೆಳಗ್ಗೆ ಏಳುವವನು ಹಿಂದಿನ ರಾತ್ರಿ ಮಲಗಿದ ಹುಡುಗನೇ. ಆದರೆ ನೀವು ಸುಮ್ನೆ ಹೆದರುತ್ತಿಲ್ಲ. ಇನ್ನೂ ಸ್ವಲ್ಪ ಜಾಸ್ತಿಯೇ ಹೆದರಬೇಕಿತ್ತು. ಯಾಕೆ ಅಂತ ಹೇಳುತ್ತೇನೆ.

ಬೀರು ತೆಗೆದು ಆ ಗಾಡಿಯ ಆರ್‌ಸಿ ಕಾರ್ಡ್ ನೋಡಿ. ಅದರಲ್ಲಿರುವುದು ನಿಮ್ಮ ಹೆಸರು. ಲೂನಾ ವೀರರದ್ದಲ್ಲ, ಪೆನ್ಷನ್ ದುಡ್ಡು ಕೊಟ್ಟ ಅತ್ತೆಯದ್ದೂ ಅಲ್ಲ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ತಂದಾಗ 199-ಎ ಅಂತ ಹೊಸ ಕಲಂ ಸೇರಿಸಿದರು. ಹದಿನೆಂಟು ತುಂಬದ ಮಕ್ಕಳು ಗಾಡಿ ಓಡಿಸಿ ತಪ್ಪು ಮಾಡಿದರೆ, ತಪ್ಪಿತಸ್ಥರು ಪೋಷಕರು ಅಥವಾ ಗಾಡಿಯ ಮಾಲೀಕರು. ನಿಮ್ಮ ಮನೆಯಲ್ಲಿ ಅವೆರಡೂ ನೀವೇ. ಮೂರು ವರ್ಷದ ತನಕ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಹುಡುಗನಿಗೆ ಇಪ್ಪತ್ತೈದು ವರ್ಷ ತುಂಬುವ ತನಕ ಕಲಿಯುವವರ ಲೈಸೆನ್ಸ್ ಆದ ಎಲ್‌ಎಲ್ಲೂ ಇಲ್ಲ, ಡಿಎಲ್ಲೂ ಇಲ್ಲ. ಈಗ ಒಂದೂವರೆ ವರ್ಷ ಕಾಯಲಾರದವನು ಆಗ ಎಂಟು ವರ್ಷಕ್ಕಿಂತ ಜಾಸ್ತಿ ಕಾಯಬೇಕು. ಇದು ಬರೀ ಪುಸ್ತಕದಲ್ಲಿರುವ ಕಾನೂನು ಅಂದುಕೊಳ್ಳಬೇಡಿ. ಶಿವಮೊಗ್ಗದ ಕಡೆ ನ್ಯಾಯಾಲಯಗಳು ಅಪ್ಪಂದಿರಿಗೂ ಅಮ್ಮಂದಿರಿಗೂ ಇಪ್ಪತ್ತೈದು ಸಾವಿರ ದಂಡ ಹಾಕಿದ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ.

"ನನಗೆ ಗೊತ್ತಿರಲಿಲ್ಲ" ಅಥವಾ "ತಡೆಯಲು ಎಲ್ಲಾ ಪ್ರಯತ್ನ ಮಾಡಿದ್ದೆ" ಅಂತ ಸಾಬೀತು ಮಾಡಿದರೆ ಬಿಡುಗಡೆ ಇದೆ. ಆದರೆ ನನಗೆ ಇಷ್ಟುದ್ದ ಪತ್ರ ಬರೆದ ಮೇಲೆ ಗೊತ್ತಿರಲಿಲ್ಲ ಅನ್ನುವ ಹಾಗೂ ಇಲ್ಲ, ಅಲ್ವಾ?

ಇನ್ಶೂರೆನ್ಸ್ ಕಥೆ ಇನ್ನೂ ಕಷ್ಟದ್ದು. ಲೈಸೆನ್ಸ್ ಇಲ್ಲದವನು ಓಡಿಸಿದ್ದರೆ ನಿಮ್ಮ ಗಾಡಿಯ ರಿಪೇರಿಗೆ ಕಂಪನಿ ದುಡ್ಡು ಕೊಡುವುದಿಲ್ಲ. ಅದು ಹೋಗಲಿ, ಒಂದು ಕನ್ನಡಿ, ಒಂದು ಮಡ್‌ಗಾರ್ಡ್. ಎದುರಿನವರಿಗೆ ಪೆಟ್ಟಾದರೆ? ಕಂಪನಿ ಅವರಿಗೆ ಮೊದಲು ಪರಿಹಾರ ಕೊಟ್ಟರೂ, ಆ ದುಡ್ಡನ್ನು ಗಾಡಿಯ ಮಾಲೀಕರಿಂದ ವಸೂಲಿ ಮಾಡಿಕೊಳ್ಳಿ ಅಂತ ನ್ಯಾಯಾಲಯಗಳು ಹೇಳುತ್ತವೆ. ದುಡಿಯುವ ಒಬ್ಬ ಮನುಷ್ಯನ ಜೀವಕ್ಕೆ ಕಟ್ಟುವ ಪರಿಹಾರ ಲಕ್ಷಗಳಲ್ಲಿ ಇರುತ್ತದೆ. ಮನೆ ಮಾರಬೇಕಾಗಬಹುದು.

ಇನ್ನು ಯಜಮಾನರ ಲೂನಾ ವಿಷಯ. ನನಗೂ ಲೂನಾ ಅಂದರೆ ಪ್ರೀತಿಯೇ. 1972ರಲ್ಲಿ ಬಂದ ಗಾಡಿ ಅದು, ಬರೀ 50 ಸಿಸಿ. ಏರು ಬಂದರೆ ಪೆಡಲ್ ತುಳಿದು ನಾವೇ ಗಾಡಿಗೆ ಸಹಾಯ ಮಾಡಬೇಕಿತ್ತು. ಅಂಥ ಗಾಡಿಗಳು ಓಡಾಡುತ್ತಿದ್ದ ಕಾಲದಲ್ಲಿ, ಮೋಟಾರು ವಾಹನ ಕಾಯ್ದೆಯಲ್ಲಿ, ಹದಿನಾರು ತುಂಬಿದವರಿಗೆ 50 ಸಿಸಿ ದಾಟದ ಗಾಡಿಗೆ ಲೈಸೆನ್ಸ್ ಕೊಡಬಹುದು ಅಂತ ಬರೆದರು. ಕಾನೂನು ಈಗಲೂ ಹಾಗೇ ಇದೆ. ಗಾಡಿಗಳು ಮಾತ್ರ ಮಾಯವಾಗಿವೆ. ಈಗಿನ ಟಿವಿಎಸ್ ಎಕ್ಸ್‌ಎಲ್ ಕೂಡ ನೂರು ಸಿಸಿ ಹತ್ತಿರ, ನಿಮ್ಮ ಆಕ್ಟಿವಾ ನೂರಾಹತ್ತರ ಹತ್ತಿರ. "ಹದಿನಾರಕ್ಕೆ ಗೇರ್ ಇಲ್ಲದ ಗಾಡಿ ಓಡಿಸಬಹುದಂತೆ" ಅಂತ ಎಷ್ಟೋ ಮನೆಗಳಲ್ಲಿ ನಂಬಿದ್ದಾರಲ್ಲ, ಅರ್ಧ ಕೇಳಿಸಿಕೊಂಡ ಕಾನೂನು ಅದು. ಗೇರ್ ಇಲ್ಲ ಅನ್ನುವುದು ಸಾಲದು, 50 ಸಿಸಿ ಒಳಗೂ ಇರಬೇಕು. ಆಕ್ಟಿವಾಗೆ ನಿಮ್ಮ ಮಗನಿಗೆ ಎಲ್‌ಎಲ್ ಕೂಡ ಸಿಗುವುದಿಲ್ಲ. ಅಂದ ಹಾಗೆ, ಯಜಮಾನರು ಹದಿಮೂರಕ್ಕೆ ಓಡಿಸಿದ್ದು ಆ ಕಾಲದ ಲೆಕ್ಕಕ್ಕೂ ತಪ್ಪೇ. ಇದನ್ನು ಊಟಕ್ಕೆ ಕೂತಾಗ ಹೇಳಬೇಡಿ, ಇನ್ನೊಮ್ಮೆ ಹೇಳಿ.

ನ್ಯೂಜೆರ್ಸಿಯ ಹುಡುಗಿಯ ಬಗ್ಗೆ ನಿಮ್ಮ ಮನೆಯಲ್ಲಿ ಪೂರ್ತಿ ಕಥೆ ಯಾರೂ ಹೇಳಿಲ್ಲ ಅನ್ನಿಸುತ್ತದೆ. ಮೈದುನನಿಗೇ ಒಂದು ಫೋನ್ ಮಾಡಿ ಕೇಳಿ. ಅಲ್ಲಿ ಹದಿನಾರಕ್ಕೆ ಶುರು ಮಾಡುವ ಮಕ್ಕಳು ಡ್ರೈವಿಂಗ್ ಸ್ಕೂಲಿಗೆ ಹೋಗಿ ಪರ್ಮಿಟ್ ತೆಗೆದುಕೊಳ್ಳುತ್ತಾರೆ. ಆಮೇಲೆ ಕನಿಷ್ಠ ಆರು ತಿಂಗಳು, ಲೈಸೆನ್ಸ್ ಇರುವ ದೊಡ್ಡವರೊಬ್ಬರು ಮುಂದಿನ ಸೀಟಿನಲ್ಲಿ ಕೂತೇ ಇರಬೇಕು. ಹದಿನೇಳಕ್ಕೆ ಒಬ್ಬಳೇ ಓಡಿಸಬಹುದು, ನಿಜ. ಆದರೆ ರಾತ್ರಿ ಹನ್ನೊಂದರಿಂದ ಬೆಳಗಿನ ಐದರ ತನಕ ಓಡಿಸುವ ಹಾಗಿಲ್ಲ. ಅಪ್ಪ ಅಮ್ಮ ಜೊತೆಗಿಲ್ಲದಿದ್ದರೆ ಒಬ್ಬರಿಗಿಂತ ಜಾಸ್ತಿ ಸ್ನೇಹಿತರನ್ನು ಕೂರಿಸಿಕೊಳ್ಳುವ ಹಾಗಿಲ್ಲ. ನಂಬರ್ ಪ್ಲೇಟಿಗೆ ಕೆಂಪು ಸ್ಟಿಕರ್ ಬೇರೆ ಅಂಟಿಸಬೇಕು, ಹೊಸಬರು ಅಂತ ಪೊಲೀಸರಿಗೆ ದೂರದಿಂದಲೇ ಗೊತ್ತಾಗಲಿ ಅಂತ. ಜರ್ಮನಿಯಲ್ಲೂ ಹದಿನೇಳಕ್ಕೆ ಕಾರು ಕೊಡುತ್ತಾರೆ, ಪಕ್ಕದಲ್ಲಿ ಹೆಸರು ನೋಂದಾಯಿಸಿದ ದೊಡ್ಡವರು ಇರಬೇಕು ಅನ್ನುವ ಷರತ್ತಿನ ಮೇಲೆ. ಯಜಮಾನರಿಗೆ ಅಮೆರಿಕದ ವಯಸ್ಸು ಬೇಕು, ಪಕ್ಕದ ಸೀಟು ಬೇಡ.

ನಿಮ್ಮ ಮೂಲ ಪ್ರಶ್ನೆ ಇಲ್ಲೇ ಇದೆ. ಹದಿನೆಂಟು ಸರಿಯಾದ ವಯಸ್ಸಾ? ನನ್ನನ್ನು ಕೇಳಿದರೆ ನಮ್ಮ ರಸ್ತೆಗಳಿಗೆ ಅದು ಕಡಿಮೆಯೇ ಆಯಿತು. ನಿಮ್ಮ ಮಗ ಚೆನ್ನಾಗಿ ಓಡಿಸುತ್ತಾನೆ ಅನ್ನುವುದನ್ನು ನಾನು ನಂಬುತ್ತೇನೆ. ಹದಿನಾರರ ಕೈ ಕಾಲು ಕಣ್ಣು ನಮಗಿಂತ ಚುರುಕು. ಕಡಿಮೆ ಇರುವುದು ಮುಂದೇನಾಗಬಹುದು ಅನ್ನುವ ಅಂದಾಜು. ನಿಂತ ಬಸ್ಸಿನ ಮುಂದಿನಿಂದ ಯಾರೋ ಅಡ್ಡ ಬರುತ್ತಾರೆ ಅನ್ನುವುದು, ದಾಟಿ ಹೋದ ನಾಯಿ ತಿರುಗಿ ಓಡಿ ಬರುತ್ತದೆ ಅನ್ನುವುದು, ಬಿ.ಎಂ. ರಸ್ತೆಯ ಲಾರಿಯವನಿಗೆ ತಾನು ಕಾಣಿಸುತ್ತಲೇ ಇಲ್ಲ ಅನ್ನುವುದು. ಹಿಂದೆ ಕೂತ ಗೆಳೆಯ "ಎಳಿಯೋ ಮಗಾ" ಅಂದಾಗ ಸುಮ್ಮನಿರುವುದಂತೂ ಇನ್ನೂ ಕಷ್ಟ. ಆತುರಕ್ಕೆ ಲಗಾಮು ಹಾಕುವ ಮಿದುಳಿನ ಮುಂಭಾಗ ಇಪ್ಪತ್ತು ದಾಟಿದ ಮೇಲೂ ಬೆಳೆಯುತ್ತಲೇ ಇರುತ್ತದೆ ಅಂತ ಡಾಕ್ಟರುಗಳು ಹೇಳುತ್ತಾರೆ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅದರಲ್ಲಿ ನೂರಕ್ಕೆ ನಲವತ್ತನಾಲ್ಕಕ್ಕಿಂತ ಜಾಸ್ತಿ ಮಂದಿ ದ್ವಿಚಕ್ರದಲ್ಲಿ ಇದ್ದವರು. ನಿಮ್ಮ ಮಗನಿಗೆ ಸಿಕ್ಕಿರುವುದು ಆ ಎರಡು ಚಕ್ರವೇ.

ಈಗ ಒಂದು ನನ್ನದೇ ಕಥೆ. ಹೇಳಲು ಹಿಂಜರಿಕೆ ಇದೆ.

ಕೆಲವು ವರ್ಷಗಳ ಹಿಂದೆ ಗೌರಿ ಹಬ್ಬದ ಹಿಂದಿನ ದಿನ, ನಮ್ಮ ಮನೆಗೆ ಬಂದಿದ್ದ ಅಕ್ಕನ ಮಗನ ಕೈಗೆ ಸ್ಕೂಟರ್ ಕೀ ಕೊಟ್ಟು ಬಾಳೆಎಲೆ ತರಲು ಕಳಿಸಿದೆ. ಅವನಿಗೆ ಹದಿನೇಳು. "ಇಲ್ಲೇ ತಾನೇ" ಅಂದುಕೊಂಡೆ. ತಿರುವಿನಲ್ಲಿ ಸೈಕಲ್ ತಳ್ಳಿಕೊಂಡು ಬರುತ್ತಿದ್ದ ಒಬ್ಬ ವಯಸ್ಸಾದವರಿಗೆ ಗುದ್ದಿದ. ಅವರ ಹಾಲಿನ ಕ್ಯಾನು ಉರುಳಿತು, ಮಣಿಕಟ್ಟು ಮುರಿಯಿತು. ನಾನು ಓಡಿ ಹೋದೆ. ಜನ ಸೇರಿದ್ದರು. ಯಾರು ಓಡಿಸುತ್ತಿದ್ದದ್ದು ಅಂತ ಯಾರೋ ಕೇಳಿದರು. "ನಾನೇ" ಅಂದುಬಿಟ್ಟೆ. ಯೋಚನೆಯನ್ನೇ ಮಾಡಲಿಲ್ಲ, ಬಾಯಿಗೆ ತಾನಾಗಿಯೇ ಬಂತು. ಆ ಹಿರಿಯರು ನನ್ನ ಮುಖ ನೋಡಿದರು, ಹುಡುಗನ ಮುಖ ನೋಡಿದರು. "ನೀವು ಹೇಳಿದ್ರೆ ಸರಿ ಅಮ್ಮ" ಅಂದರು. ಅಷ್ಟೇ. ಅವರ ಆಸ್ಪತ್ರೆ ಖರ್ಚು ಕೊಟ್ಟೆ, ಎರಡು ತಿಂಗಳ ಹಾಲಿನ ನಷ್ಟವನ್ನೂ ಕೊಟ್ಟೆ. ಎಲ್ಲ ಸರಿ ಮಾಡಿದೆ ಅಂದುಕೊಂಡೆ.

ಎರಡು ವರ್ಷ ಆದ ಮೇಲೆ ಒಂದು ರಾತ್ರಿ ಅವನ ಫೋನ್. ಕಾಲೇಜಿನಲ್ಲಿ ಏನೋ ಜಗಳ, ಯಾರದೋ ಲ್ಯಾಪ್‌ಟಾಪ್ ಒಡೆದಿದ್ದಾನೆ. "ಚಿಕ್ಕಮ್ಮ, ಆ ದಿನ ನಾನು ನಿಮ್ಮ ಮನೆಯಲ್ಲಿದ್ದೆ ಅಂತ ಹೇಳಿಬಿಡ್ತೀರಾ?" ಎಷ್ಟು ಸಲೀಸಾಗಿ ಕೇಳಿದ ಅಂದರೆ, ಸಕ್ಕರೆ ಸಾಲ ಕೇಳಿದ ಹಾಗೆ. ಆವತ್ತು ತಿರುವಿನಲ್ಲಿ ನಾನು ಕಲಿಸಿದ್ದು ಅದನ್ನೇ.

ಅದಕ್ಕೇ ನನಗೆ ನಿಮ್ಮ ಅತ್ತೆಯವರ ಮೇಲೆ ಸಿಟ್ಟಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ಅಜ್ಜಿಯಂದಿರಿಗೆ ಹೆಗ್ಗಣದ ಮರಿ ಇನ್ನೂ ಮುದ್ದು. ಅವರು ಹೊಸ ಕನ್ನಡಿ ಹಾಕಿಸಿದರು, ನಾನು ಸುಳ್ಳು ಹೇಳಿದೆ. ಎರಡೂ ಒಂದೇ ಅಂಗಡಿಯ ಮಾಲು.

ಇನ್ನು ಮಾಡಬೇಕಾದ್ದು. ಕೀ ವಾಪಸ್ ತೆಗೆದುಕೊಳ್ಳಿ. ಮಗನ ಕೈಯಿಂದ ಕಿತ್ತುಕೊಳ್ಳಬೇಡಿ, ಯಜಮಾನರ ಕೈಯಿಂದ ಕೇಳಿ ಪಡೆಯಿರಿ, ಕೊಟ್ಟವರು ಅವರೇ ತಾನೇ? "ಗಾಡಿ ನನ್ನ ಹೆಸರಲ್ಲಿದೆ, ಜೈಲು ದಂಡ ಬಂದರೆ ನನಗೆ" ಅಂತ ಆರ್‌ಸಿ ಕಾರ್ಡ್ ಕೈಯಲ್ಲಿ ಹಿಡಿದೇ ಹೇಳಿ. ಹೆದರಿಕೆ ಅಂದಾಗ ನಕ್ಕವರು ಕಾರ್ಡ್ ನೋಡಿದರೆ ನಗುವುದಿಲ್ಲ. ಮಗನಿಗೆ ಅವಮಾನ ಆಗುತ್ತದೆ, ಗೆಳೆಯರ ಮುಂದೆ ತಲೆ ತಗ್ಗಿಸಬೇಕು ಅನ್ನುತ್ತಾನೆ. ಅದು ಸುಳ್ಳಲ್ಲ. ಆ ವಯಸ್ಸಿನಲ್ಲಿ ಗಾಡಿ ಅಂದರೆ ಬರೀ ಗಾಡಿಯಲ್ಲ. ಹಾಗಾಗಿ ಉಪದೇಶ ಬೇಡ. ತಪ್ಪು ದೊಡ್ಡವರದ್ದು ಅಂತ ಒಪ್ಪಿಕೊಳ್ಳಿ: "ಜೂನ್‌ನಲ್ಲೇ ಬೇಡ ಅನ್ನಬೇಕಿತ್ತು, ಅನ್ನಲಿಲ್ಲ."

ಟ್ಯೂಷನ್ನಿಗೆ? ನಾಲ್ಕು ಕಿಲೋಮೀಟರ್ ಅಂದರೆ ಸೈಕಲ್ಲಿಗೆ ಇಪ್ಪತ್ತು ನಿಮಿಷ. ಮೆಟ್ಟಿಲ ಕೆಳಗೆ ತುಕ್ಕು ಹಿಡಿದ ಒಂದು ಗೇರ್ ಸೈಕಲ್ ಹೆಚ್ಚು ಕಮ್ಮಿ ಎಲ್ಲರ ಮನೆಯಲ್ಲೂ ಇರುತ್ತದೆ. ಹಿಂದೆ ಮುಂದೆ ಲೈಟ್ ಹಾಕಿಸಿ, ಒಳರಸ್ತೆಯಲ್ಲಿ ಕಳಿಸಿ. ಚಳಿಗಾಲದ ಮಂಜಿಗೆ ಅದು ಬೇಡ ಅನ್ನಿಸಿದರೆ, ಅದೇ ಬಡಾವಣೆಯ ಇನ್ನಿಬ್ಬರು ಹುಡುಗರನ್ನು ಸೇರಿಸಿ ಒಂದು ಆಟೋ ಗೊತ್ತು ಮಾಡಿ. ಇಲ್ಲವೇ ಹದಿಮೂರಕ್ಕೇ ಲೂನಾ ಓಡಿಸಿದ ಶೂರರು ಐದೂವರೆಗೆ ಎದ್ದು ಮಗನನ್ನು ಬಿಟ್ಟು ಬರಲಿ. ನೀವಂತೂ ಆ ಹೊತ್ತಿಗೆ ಎದ್ದೇ ಇರುತ್ತೀರಿ ಅಂತ ನಿಮ್ಮ ತಲೆಗೆ ಕಟ್ಟಲು ನೋಡುತ್ತಾರೆ, ಒಪ್ಪಬೇಡಿ. ಕಾಲೇಜಿಗೆ ಹಗಲು ಹೊತ್ತು ಬಸ್ ಇದ್ದರೆ ಸ್ಟೂಡೆಂಟ್ ಪಾಸ್ ಮಾಡಿಸಿ.

ಗಂಟೆಗೆ 25 ಕಿಲೋಮೀಟರ್ ದಾಟದ, 250 ವಾಟ್ ಮೋಟಾರಿನ ಎಲೆಕ್ಟ್ರಿಕ್ ಸ್ಕೂಟರಿಗೆ ಲೈಸೆನ್ಸ್ ಬೇಡ, ನೋಂದಣಿಯೂ ಬೇಡ. ಯಾರಾದರೂ ಈ ದಾರಿ ತೋರಿಸಿಯೇ ತೋರಿಸುತ್ತಾರೆ. ಕಾನೂನಿಗೆ ಅಡ್ಡಿಯಿಲ್ಲ. ನನಗೆ ಮನಸ್ಸಿಲ್ಲ. ಲಾರಿಗಳ ನಡುವೆ ಇಪ್ಪತ್ತೈದರಲ್ಲಿ ಹೋಗುವುದೂ ಅಪಾಯವೇ, ಆ ವೇಗದ ಬೀಗ ಬಿಚ್ಚಿಸುವ ವಿದ್ಯೆ ಹುಡುಗರಿಗೆ ನಮಗಿಂತ ಬೇಗ ಗೊತ್ತಾಗುತ್ತದೆ. ಬೀಗ ಬಿಚ್ಚಿದ ಕ್ಷಣದಿಂದ ಅದು ಲೈಸೆನ್ಸ್ ಬೇಕಾದ ಗಾಡಿ.

ಹದಿನೆಂಟು ತುಂಬಿದ ಮೇಲೂ ಸೀದಾ ಕೀ ಕೊಡಬೇಡಿ. ಆರ್‌ಟಿಓ ಮೈದಾನದಲ್ಲಿ ಕಾಲು ಊರದೆ ಎಂಟು ಹಾಕಿದರೆ ಡಿಎಲ್ ಬಂತು, ಒಂದು ನಿಮಿಷದ ಕೆಲಸ. ನ್ಯೂಜೆರ್ಸಿಯ ಷರತ್ತುಗಳನ್ನು ಆಗ ನಿಮ್ಮ ಮನೆಗೆ ತನ್ನಿ. ಎಲ್‌ಎಲ್ ಇರುವಾಗ ಯಜಮಾನರು ಹಿಂದೆ ಕೂರಲಿ. ಮೊದಲ ಆರು ತಿಂಗಳು ಗೆಳೆಯರನ್ನು ಕೂರಿಸುವ ಹಾಗಿಲ್ಲ, ಕತ್ತಲಾದ ಮೇಲೆ ಗಾಡಿ ತೆಗೆಯುವ ಹಾಗಿಲ್ಲ. ಹೆಲ್ಮೆಟ್ ತಲೆಗೆ, ಕೈಗಲ್ಲ.

ಇದೆಲ್ಲಕ್ಕೂ ಮೊದಲು ಇನ್ನೊಂದು ಕೆಲಸ ಇದೆ. ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಕನ್ನಡಿ ಹೊಸದು ಅಂತಿದೆ, ದುಡ್ಡು ಯಾರದು ಅಂತಿದೆ, ಮಗನಿಗೇನೂ ಆಗಲಿಲ್ಲ ಅಂತಿದೆ. ತಾಗಿಸಿದ್ದು ಯಾವುದಕ್ಕೆ, ಯಾರಿಗೆ ಅಂತ ಇಲ್ಲ. ಕಂಬವೋ, ನಿಂತ ಕಾರೋ, ನಡೆದು ಹೋಗುತ್ತಿದ್ದ ಮನುಷ್ಯರೋ, ನಿಮಗೂ ಗೊತ್ತಿಲ್ಲ ಅನ್ನಿಸುತ್ತದೆ. ಇವತ್ತು ಸಂಜೆ ಕಾಫಿ ಕೊಟ್ಟು, ಬೈಯದೆ, ಅಷ್ಟನ್ನು ಮಗನ ಹತ್ತಿರ ಕೇಳಿ. ಆ ಕಡೆ ಒಬ್ಬ ಮನುಷ್ಯ ಇದ್ದರೆ ಮಗನನ್ನು ಕರೆದುಕೊಂಡು ಹೋಗಿ ಅವರನ್ನು ನೋಡಿ ಬನ್ನಿ. ಅಲ್ಲಿ ಮಾತಾಡುವುದು ಅವನೇ ಆಗಿರಲಿ.