ಮಂಗಳನ ಮಹಾಕಮರಿಯನ್ನು ನದಿ ಕೊರೆಯಿತೇ?

ಪ್ರಶ್ನೆ: ಮಂಗಳಯಾನ ತೆಗೆದ ಚಿತ್ರಗಳಲ್ಲಿ ಮಂಗಳ ಗ್ರಹದ ಮೈಮೇಲೆ ಹಳೆಯ ಗಾಯದ ಗುರುತಿನಂತೆ ಒಂದು ಉದ್ದನೆಯ ಕಣಿವೆ ಕಾಣುತ್ತದೆ. ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್ನಿನಂತೆ ಇದನ್ನೂ ನದಿಯೇ ಕೊರೆದದ್ದೇ?

ಉತ್ತರ: ಅಲ್ಲ. ನೀವು ನೋಡಿರುವುದು ವ್ಯಾಲೆಸ್ ಮರಿನೆರಿಸ್ ಎಂಬ ಕಮರಿಗಳ ಸಾಲು. 1971ರ ನವೆಂಬರಿನಲ್ಲಿ ಮ್ಯಾರಿನರ್ 9 ನೌಕೆ ಮಂಗಳನ ಕಕ್ಷೆ ಸೇರಿದಾಗ ಇಡೀ ಗ್ರಹವನ್ನು ಧೂಳು ಮುಚ್ಚಿತ್ತು. ಧೂಳು ಇಳಿದ ಮೇಲೆ ಈ ಕಮರಿಗಳು ಸ್ಪಷ್ಟವಾಗಿ ಕಂಡವು. ನೌಕೆಯ ಹೆಸರೇ ಅವಕ್ಕೆ ಬಂತು. ಗ್ರ್ಯಾಂಡ್ ಕ್ಯಾನಿಯನ್ 446 ಕಿ.ಮೀ. ಉದ್ದವಿದ್ದರೆ ಇದು ಸುಮಾರು 4,000 ಕಿ.ಮೀ. ಉದ್ದ. ಆಳ ಕೆಲವೆಡೆ 7 ಕಿ.ಮೀ. ದಾಟುತ್ತದೆ.

ಇದರ ಮೂಲ ಹುಡುಕಬೇಕಾದದ್ದು ಪಶ್ಚಿಮದ ಥಾರ್ಸಿಸ್ ಪ್ರಸ್ಥಭೂಮಿಯಲ್ಲಿ. ಅಲ್ಲಿ ಯುಗಯುಗಗಳ ಕಾಲ ಲಾವಾ ಉಕ್ಕಿ ಪೇರಿಕೊಂಡಿತು. ಆ ಅಗಾಧ ಭಾರಕ್ಕೆ ಸುತ್ತಲಿನ ಶಿಲಾಕವಚ ಬಾಗಿ, ಎಳೆತಕ್ಕೆ ಸಿಕ್ಕಿ ಸೀಳಿತು. ಬಿರುಕುಗಳ ನಡುವಿನ ನೆಲ ಕೆಳಕ್ಕೆ ಕುಸಿಯಿತು. ಪಶ್ಚಿಮ ತುದಿಯ ನಾಕ್ಟಿಸ್ ಲ್ಯಾಬಿರಿಂಥಸ್‌ನಲ್ಲಿ ಬಿರುಕುಗಳು ಒಂದನ್ನೊಂದು ಕತ್ತರಿಸುತ್ತಾ ಜಟಿಲ ಜಾಲವಾಗಿರುವುದನ್ನು ಈಗಲೂ ನೋಡಬಹುದು.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ಸಾಕ್ಷಿ ಹೀಬಸ್ ಕಮರಿ. ಮುಖ್ಯ ಸಾಲಿನ ಉತ್ತರಕ್ಕಿರುವ ಇದು ಸುಮಾರು 300 ಕಿ.ಮೀ. ಉದ್ದವಿದೆ, ಆದರೆ ನಾಲ್ಕೂ ಕಡೆ ಗೋಡೆಗಳಿಂದ ಮುಚ್ಚಿಹೋಗಿದೆ. ನದಿ ಕೊರೆದಿದ್ದರೆ ಒಳಬರಲು ಒಂದು ದಾರಿ, ಹೊರಹೋಗಲು ಇನ್ನೊಂದು ದಾರಿ ಇರಬೇಕಿತ್ತಲ್ಲವೇ? ಇಲ್ಲಿ ಎರಡೂ ಇಲ್ಲ.

ಹಾಗೆಂದು ನೀರನ್ನು ಪೂರ್ತಿ ಕೈಬಿಡಬೇಡಿ. ಬಿರುಕು ಬಿಟ್ಟ ಮೇಲೆ ಕಮರಿಯ ಅಂಚುಗಳು ಕುಸಿದು ಅಗಲವಾದವು. ಮೆಲಾಸ್ ಭಾಗದಲ್ಲಿ ಅಗಲ 200 ಕಿ.ಮೀ. ಆಸುಪಾಸಿನಲ್ಲಿದೆ. ಕುಸಿದ ಬಂಡೆರಾಶಿ ತಳದಲ್ಲಿ ಹತ್ತಾರು ಕಿಲೋಮೀಟರ್ ದೂರ ಹರಡಿದೆ. ಕ್ಯಾಂಡರ್ ಕಮರಿಯ ಪದರ ಶಿಲೆಗಳಲ್ಲಿ ನೀರಿನ ಅಣುಗಳನ್ನು ಹಿಡಿದಿಟ್ಟುಕೊಂಡ ಸಲ್ಫೇಟ್ ಲವಣಗಳು ಸಿಕ್ಕಿವೆ. ಪೂರ್ವ ತುದಿಯಲ್ಲಂತೂ ನೆಲ ಅಸ್ತವ್ಯಸ್ತವಾಗಿ ಒಡೆದಿದೆ. ಅಲ್ಲಿಂದ ಹೊರಟ ಪ್ರಚಂಡ ಪ್ರವಾಹಗಳು ಉತ್ತರದ ಕ್ರೈಸೆ ಬಯಲಿನತ್ತ ನುಗ್ಗಿ ಅಗಲವಾದ ಕಾಲುವೆಗಳನ್ನು ಕೊರೆದವು. ಅವುಗಳಲ್ಲೊಂದಾದ ಏರೀಸ್ ಕಾಲುವೆಯ ಬಾಯಲ್ಲೇ 1997ರಲ್ಲಿ ಪಾತ್‌ಫೈಂಡರ್ ನೌಕೆ ಇಳಿಯಿತು. ಪ್ರವಾಹ ದೂರದ ಎತ್ತರ ಪ್ರದೇಶದಿಂದ ನಾನಾ ಬಗೆಯ ಬಂಡೆಗಳನ್ನು ತಂದು ಸುರಿದಿರಬಹುದು, ಒಂದೇ ಕಡೆ ಅವೆಲ್ಲವನ್ನೂ ಪರೀಕ್ಷಿಸಬಹುದು ಎಂಬುದೇ ಆ ಜಾಗದ ಆಯ್ಕೆಗೆ ಕಾರಣವಾಗಿತ್ತು.