ಕಲ್ಲು ಸೇತುವೆಯ ಸಂದಿನಲ್ಲಿ ಅರಳಿ ಗಿಡ: ಕಿತ್ತು ಸಿಮೆಂಟ್ ಹಾಕಬಹುದೇ?

ಎರಡೂ ಬೇಡ ಸರ್. ಜಗ್ಗಿ ಕಿತ್ತರೆ ಬೇರಿನ ಜೊತೆ ಕಲ್ಲೂ ಸಡಿಲವಾಗುತ್ತದೆ. ಬೇಸಿಗೆಯಲ್ಲಿ, ನೀರು ಇಳಿದಾಗ ಬುಡಕ್ಕೆ ಕತ್ತರಿಸಿ, ಹಸಿ ಗಾಯಕ್ಕೆ ಕೂಡಲೇ ಕಳೆನಾಶಕವನ್ನು ಬ್ರಷ್‌ನಿಂದ ಹಚ್ಚಿ. ಹೊಳೆಯ ಮೇಲೆ ಸಿಂಪಡಿಸಲೇಬಾರದು. ಬೇರು ಒಣಗಿದ ಮೇಲೆ ಸಂದಿನ ಸಡಿಲ ಗಾರೆಯನ್ನು ಕೈ ಉಳಿಯಿಂದ ಕೆರೆದು ತೆಗೆಯಿರಿ. ಸಂದು ಎಷ್ಟು ಅಗಲವೋ ಅದರ ಎರಡರಷ್ಟು ಆಳ ಸಾಕು.

ಸಿಮೆಂಟ್ ಗಟ್ಟಿ, ಆದರೆ ಒಳಗಿನ ತೇವವನ್ನು ಹೊರಬಿಡದು. ಕೊನೆಗೆ ಕಲ್ಲಿನ ಅಂಚೇ ಸಿಡಿಯುತ್ತದೆ. ಬದಲಿಗೆ ಸಂದಿಗೆ ಸುಣ್ಣದ ಗಾರೆ ತುಂಬಿ: 1 ಪಾಲು ಸುಣ್ಣ, 3 ಪಾಲು ಮರಳು, ಮರಳಿನಲ್ಲಿ ಸ್ವಲ್ಪ ಇಟ್ಟಿಗೆ ಪುಡಿ. ಸಂದನ್ನು ಮೊದಲೇ ನೆನೆಸಿ, ತುಂಬಿದ ಮೇಲೆ ಒಂದು ವಾರವಾದರೂ ಒದ್ದೆ ಗೋಣಿ ಹೊದಿಸಿ.

ಎಲ್ಲ ಕಲ್ಲು ಸೇತುವೆಗಳೂ ಒಂದೇ ಬಗೆಯವಲ್ಲ. ಉದಾಹರಣೆಗೆ, ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆ (1804, ಮೈಸೂರಿನ ದಿವಾನ್ ಪೂರ್ಣಯ್ಯನವರ ಕಾಲದ್ದು) ಕಮಾನಿನದ್ದಲ್ಲ, ಕಲ್ಲುಕಂಬದ್ದು. ಅಂಥದ್ದರಲ್ಲಿ ನೆರೆ ಇಳಿದ ಕೂಡಲೇ ಕಂಬಗಳ ನಡುವಿನ ದಿಮ್ಮಿ, ಕಸ ತೆಗೆಸುವುದೇ ಮುಖ್ಯ ಕೆಲಸ. ಯಾವುದಕ್ಕೂ ಮೊದಲು ಸೇತುವೆ ಯಾವ ಇಲಾಖೆಯದೆಂದು ತಿಳಿದು, ಲಿಖಿತ ಅನುಮತಿ ಪಡೆಯಿರಿ.