ಕಾರವಾರದ ಉಪ್ಪುಗಾಳಿಯಲ್ಲಿ ಸ್ಕೈಬೋಲ್ಟ್ ಕಟ್ಟುವ ಕುರಿತು

ಕಾರವಾರದ ಕಡಲಂಚಿನ ಶೆಡ್ಡಿನಲ್ಲಿ ಸ್ಟೀನ್ ಸ್ಕೈಬೋಲ್ಟ್ ವಿಮಾನ ಕಟ್ಟಿದರೆ ಅದರ ಉಕ್ಕಿನ ಕೊಳವೆಗಳು ಉಪ್ಪುಗಾಳಿಗೆ ತಾಳಿಕೊಳ್ಳುತ್ತವೆಯೇ ಎಂದು ತಾವು ಕೇಳಿದ್ದೀರಿ. ಲಮಾರ್ ಸ್ಟೀನ್ ವಿನ್ಯಾಸಗೊಳಿಸಿದ, 1970ರಲ್ಲಿ ಮೊದಲು ಹಾರಿದ ಈ ಎರಡು ಆಸನಗಳ ಬೈಪ್ಲೇನಿನ (ಒಂದರ ಮೇಲೊಂದು ಎರಡು ಜೊತೆ ರೆಕ್ಕೆಗಳಿರುವ ವಿಮಾನದ) ಒಡಲು ಬೆಸುಗೆ ಹಾಕಿದ ಕೊಳವೆಗಳದ್ದು, ರೆಕ್ಕೆಗಳ ಚೌಕಟ್ಟು ಮರದ್ದು, ಹೊದಿಕೆ ಬಟ್ಟೆಯದು. ನನಗೆ ಹೆಚ್ಚು ಚಿಂತೆ ಕೊಳವೆಗಳ ಒಳಮೈಯದು. ಹೊರಗೆ ತುಕ್ಕು ತಡೆಯುವ ಎಪಾಕ್ಸಿ ಪ್ರೈಮರ್ ಬಳಿಯಬಹುದು, ಆದರೆ ಒಳಗಿನ ತುಕ್ಕು ಕಣ್ಣಿಗೆ ಬೀಳುವುದಿಲ್ಲ, ಆಕಾಶದಲ್ಲಿ ಲಾಗ ಹಾಕುವಾಗ ಒಡಲಿನ ಭಾರವನ್ನೆಲ್ಲ ಹೊರುವವು ಅವೇ. ಆದ್ದರಿಂದ ಬೆಸುಗೆ ಮುಗಿದ ಮೇಲೆ ಸಣ್ಣ ರಂಧ್ರದಿಂದ ಬಿಸಿ ಅಗಸೆ ಎಣ್ಣೆ ಸುರಿದು, ಒಡಲನ್ನು ಎಲ್ಲ ಕಡೆಗೂ ಹೊರಳಿಸಿ, ಉಳಿದದ್ದನ್ನು ಬಸಿದು, ರಂಧ್ರವನ್ನು ಭದ್ರವಾಗಿ ಮುಚ್ಚಿರಿ. ಹೊರಗಿನ ಬೆಸುಗೆಗಳ ಮೇಲೂ ಕಣ್ಣಿಡಿ; ನಮ್ಮ ಕರಾವಳಿಯ ಕಿಟಕಿ ಸರಳುಗಳಲ್ಲಿ ಬಣ್ಣ ಮೊದಲು ಏಳುವುದು ಬೆಸುಗೆಯ ಮೂಲೆಯಲ್ಲೇ ಎಂಬುದನ್ನು ತಾವೂ ಕಂಡಿರುತ್ತೀರಿ. ರೆಕ್ಕೆಯ ಅಂಟುಗೆಲಸವನ್ನು ಮಾತ್ರ ಮಳೆಗಾಲ ಕಳೆದ ಮೇಲೆಯೇ ಇಟ್ಟುಕೊಳ್ಳಿ.